ಬಣ್ಣ ಬಳಿಸಿಕೊಂಡ ವೀರಗಲ್ಲಿಗೆ ಡೈರಿ ಕಾರ್ಯದರ್ಶಿಯ ಅಹವಾಲು

ಹುರುಳಿಕೊಪ್ಪಲು,
ದೇವಲಾಪುರ ಹೋಬಳಿ, ನಾಗಮಂಗಲ ತಾಲ್ಲೂಕು.
ಫೆಬ್ರವರಿ ೧೯೯೬

ತುರುಗಳ ರಕ್ಷಕರೂ, ನಮ್ಮ ಕೊಪ್ಪಲಿನ ಹಾಲಿನ ಡೈರಿಯ ಬಲಮಗ್ಗುಲಲ್ಲಿ ತಲೆಮಾರುಗಳಿಂದ ನಿಂತೇ ಇರುವವರೂ, ಹೋದ ಭಾನುವಾರದವರೆಗೆ ನೀಲಿ ಮೈ, ಕೆಂಪು ತುಟಿ ಮತ್ತು ಹುರಿಮೀಸೆಗಳಿಂದ ಅಲಂಕೃತರೂ ಆಗಿದ್ದ ವೀರಗಲ್ಲಿನ ವೀರರ ಸನ್ನಿಧಾನಕ್ಕೆ, ಸದರಿ ಡೈರಿಯ ಕಾರ್ಯದರ್ಶಿಯೂ, ಇನ್ನೂ ಅಚ್ಚಾಗದ ಒಂದು ಇತಿಹಾಸ ಗ್ರಂಥದ ಕರ್ತೃವೂ ಆದ ಚಿಕ್ಕಸ್ವಾಮಿ ಎಂಬ ಹುಲುಮಾನವನು ಸೊಂಟ ಬಗ್ಗಿದಷ್ಟು ಬಗ್ಗಿ ಬರೆದುಕೊಳ್ಳುವ ಬಹಿರಂಗ ಅಹವಾಲು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುವುದೇನು, ದಿನವೂ ಕಣ್ಣಾರೆ ನೋಡುತ್ತಿದ್ದೇನೆ; ಬೆಳಿಗ್ಗೆ ಎಣ್ಣೆ, ಮಧ್ಯಾಹ್ನ ಮೊಸರನ್ನ, ಸಂಜೆ ಊದುಬತ್ತಿ ಸಲ್ಲುತ್ತಿರುವವರಿಗೆ ಅಕ್ಷೇಮ ಎಲ್ಲಿಂದ ಬರಬೇಕು. ನನ್ನ ಮೇಜಿಗೂ ತಮ್ಮ ಕಟ್ಟೆಗೂ ನಡುವೆ ಇರುವುದು ಹಾಲಿನ ಕ್ಯಾನುಗಳನ್ನು ಇಡುವಷ್ಟು ಜಾಗ ಮಾತ್ರ. ಆದರೂ ಖುದ್ದಾಗಿ ಬಂದು ಅರಿಕೆ ಮಾಡಿಕೊಳ್ಳದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣ ತಮ್ಮ ಪೂಜಾರಿ ದೇವಯ್ಯನವರು. ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತು, ಮುಂದಿನವರ ಕಳೆದುಹೋದ ಎಮ್ಮೆಗಳ ವಿಚಾರಣೆ ಮುಗಿದ ಮೇಲೆ ಬರಬೇಕೆಂದು ಅವರ ಅಪ್ಪಣೆ. ನನ್ನದು ಎಮ್ಮೆಯ ವಿಷಯವಲ್ಲ, ಓದದೆ ಉಳಿದ ಒಂದಿಷ್ಟು ಅಕ್ಷರಗಳ ವಿಷಯ ಎಂದು ಹೇಳಿದ್ದಕ್ಕೆ, ಅಂಥಾದ್ದಾದರೆ ಎಲ್ಲರಿಗಿಂತ ಕೊನೆಗೆ ನಿಲ್ಲಿ ಎಂದರು.

ನನ್ನ ಪರಿಚಯ ತಮಗೆ ಬೇಕಿಲ್ಲವಾದರೂ ಓದುಗ ಮಹಾಶಯರಿಗಾಗಿ ಹೇಳಬೇಕು. ಬೆಳಗಿನ ಹಾಲು ವ್ಯಾನಿಗೆ ಏರಿದ ಮೇಲೆ ಸಂಜೆಯ ಹಾಲು ಬರುವ ತನಕ ಡೈರಿ ಕಾರ್ಯದರ್ಶಿಗೆ ಈ ಜಗತ್ತಿನಲ್ಲಿ ಕೆಲಸವಿರುವುದಿಲ್ಲ. ಸುತ್ತಲ ಊರುಗಳ ಕಾರ್ಯದರ್ಶಿಗಳು ಆ ಹೊತ್ತಿನಲ್ಲಿ ಇಸ್ಪೀಟಾಡಿ, ನಿದ್ದೆ ತೆಗೆದು, ಪಂಚಾಯಿತಿ ಚುನಾವಣೆಗೆ ನಿಂತು ಉದ್ಧಾರವಾದರು. ನಾನು ಓದಲು ಕುಳಿತು ಕೆಟ್ಟೆ. ಮೊದಮೊದಲು ಖಾರದಪುಡಿಯ ಪೊಟ್ಟಣ ಬಿಚ್ಚಿದ ಪೇಪರು, ಆಮೇಲೆ ಶ್ರೀರಂಗಪಟ್ಟಣದ ಲೈಬ್ರರಿಯಿಂದ ತಂದ ಹುಳು ತಿಂದ ಸಂಪುಟಗಳು, ಅವೂ ಮುಗಿದ ಮೇಲೆ ಬಯಲಿನ ಕಲ್ಲುಗಳು, ಹೀಗೆ ಚಟ ಏರುತ್ತಾ ಹೋಯಿತು. ಬೀಡಿಯಾದರೂ ಸೇದಬಾರದಿತ್ತೇ ಎಂದು ನನ್ನ ಮಾವನವರು ಸಾಯುವ ತನಕ ಕೇಳುತ್ತಿದ್ದರು. ಕೊನೆಗೆ ‘ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಸಮಗ್ರ ಇತಿಹಾಸ’ ಎಂದು ಬಿಳಿ ಹಾಳೆಯ ಮೇಲೆ ದಪ್ಪಗೆ ಬರೆದು, ಕೆಳಗೆ ನನ್ನ ಹೆಸರು ಬರೆದು, ಅದನ್ನು ಬಹಳ ಹೊತ್ತು ನೋಡುತ್ತಾ ಕುಳಿತೆ. ಸಮಗ್ರ ಎಂಬ ಪದವನ್ನು ಮೊದಲೇ ಬರೆದುಬಿಟ್ಟಿದ್ದರಿಂದ ಗ್ರಂಥವನ್ನು ಇದುವರೆಗೆ ಮುಗಿಸಲಾಗಿಲ್ಲ.

ಈ ನಾಲ್ಕು ತಾಲ್ಲೂಕುಗಳಲ್ಲಿ ಇತಿಹಾಸಕ್ಕೆ ಬರಗಾಲವಿಲ್ಲ ಎಂಬುದೇ ನನ್ನಂಥವನಿಗೆ ದೊಡ್ಡ ಕಷ್ಟ. ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿದರೆ ಕೋಟೆಗೋಡೆಯ ಮೇಲೆ ಯಾರದೋ ಸೀರೆ ಒಣಗುತ್ತಿರುತ್ತದೆ, ಅದರ ಪಕ್ಕದಲ್ಲಿ ಮೆಣಸಿನಕಾಯಿ. ಪಾಂಡವಪುರದ ಕಡೆ ಒಂದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಮಗುಚಿ ನೋಡಿದರೆ ಅಡಿಯಲ್ಲಿ ಆನೆ ಕುದುರೆಗಳ ಸಾಲು. ಕೆ.ಆರ್. ಪೇಟೆ ಕಡೆಯ ಒಂದು ಮನೆಯಲ್ಲಿ ಯಾವುದೋ ದಾನಶಾಸನವನ್ನು ತುಳಿದುಕೊಂಡೇ ಕೊಟ್ಟಿಗೆಗೆ ಹೋಗಬೇಕು, ಹಸುವೂ ಹಾಗೆಯೇ ಹೋಗುತ್ತದೆ. ನಾನು ಅಲ್ಲೆಲ್ಲ ಹೋಗಿ, ಅಯ್ಯೋ ಇತಿಹಾಸವೇ ಎಂದು ಮರುಗಿ, ಆ ಮನೆಯವರು ಕೊಟ್ಟ ಕಾಫಿ ಕುಡಿದು, ಸಂಜೆ ಹಾಲಿನ ಹೊತ್ತಿಗೆ ಸರಿಯಾಗಿ ಬಸ್ಸು ಹಿಡಿದು ಬಂದಿದ್ದೇನೆ. ನಾನು ಮರುಗಿದ್ದರಿಂದ ಒಂದು ಕಲ್ಲಿಗಾದರೂ ಪ್ರಯೋಜನವಾದದ್ದನ್ನು ಕಾಣೆ.

ಹೀಗೆ ಊರೂರು ಸುತ್ತಿ ಕಲ್ಲು ಓದುತ್ತಿದ್ದವನು ನನ್ನ ಡೈರಿಯ ಮಗ್ಗುಲಲ್ಲೇ ನಿಂತಿದ್ದ ತಮ್ಮನ್ನು ನೋಡಿರಲಿಲ್ಲ ಎಂದರೆ ತಾವು ನಂಬಲಿಕ್ಕಿಲ್ಲ. ನೋಡಿರಲಿಲ್ಲ ಎಂದೇನಲ್ಲ, ಹಾಲು ಕೊಡಲು ಬಂದವರು ಎಮ್ಮೆಯನ್ನು ತಮಗೇ ಕಟ್ಟುತ್ತಿದ್ದರು, ಸೈಕಲ್ಲನ್ನು ತಮಗೇ ಒರಗಿಸುತ್ತಿದ್ದರು. ತಾವು ಆಗ ಯಾರ ತಂಟೆಗೂ ಹೋಗದೆ, ಮೈಮೇಲೆ ಸಗಣಿ ಮೆತ್ತಿಸಿಕೊಂಡು, ಬಲು ಮರ್ಯಾದಸ್ಥರಾಗಿ ಇದ್ದಿರಿ. ಆಚೆ ವರ್ಷದ ರಾಜ್ಯೋತ್ಸವದ ಹಿಂದಿನ ದಿನ, ಡೈರಿಯ ಮುಂದೆ ಬಾವುಟ ಹಾರಿಸುವುದಕ್ಕೆಂದು ಜಾಗ ತೊಳೆಸುತ್ತಿದ್ದಾಗ ತಮ್ಮ ಮೈಯಿಂದ ಸಗಣಿ ಉದುರಿ ಒಂದು ಕುದುರೆಯ ಕಾಲು ಕಾಣಿಸಿತು. ಮನೆಗೆ ಓಡಿ, ಹೆಂಡತಿ ರಂಗೋಲಿಗೆಂದು ಇಟ್ಟಿದ್ದ ಅಕ್ಕಿಹಿಟ್ಟನ್ನು ತಂದು ತಮ್ಮ ಮೈಗೆ ಉಜ್ಜಿದೆ. ಮೇಲಿನ ಪಟ್ಟಿಯಲ್ಲಿ ಅಕ್ಷರಗಳು ಒಂದೊಂದಾಗಿ ಬೆಳ್ಳಗೆ ಎದ್ದುಬಂದವು. ‘ತುಱುವಂ ಮಗುಳ್ಚಿ ಸತ್ತಂ’, ಎಂದರೆ ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಹಿಂದಕ್ಕೆ ತಿರುಗಿಸಿ ಸತ್ತನು. ಕೆಳಗಿನ ಪಟ್ಟಿಯಲ್ಲಿ ಇನ್ನೂ ಬರಹವಿತ್ತು. ಅಷ್ಟರಲ್ಲಿ ಸಂಜೆಯ ಹಾಲು ಬಂತು. ನಾಳೆ ಓದಿದರಾಯಿತು, ಮೊದಲು ಭಾಷಣ ಬರೆಯೋಣ ಎಂದುಕೊಂಡೆ. ನಮ್ಮ ಭಾಗದ ಇತಿಹಾಸಕಾರರಲ್ಲಿ ಅನೇಕರು ಹೀಗೆಯೇ ಮಾಡುತ್ತಾರೆಂಬುದು ನನಗಿರುವ ಒಂದೇ ಸಮಾಧಾನ.

ಭಾಷಣ ಚೆನ್ನಾಗಿ ಆಯಿತು, ಅದೇ ಅನಾಹುತ. ದನಕ್ಕಾಗಿ ಪ್ರಾಣ ಕೊಟ್ಟ ಮಹಾನುಭಾವನಿಗೆ ನಾವು ಎಮ್ಮೆ ಕಟ್ಟುತ್ತಿದ್ದೇವಲ್ಲ ಎಂದು ನಾನು ಹೇಳಿದಾಗ ಹೆಂಗಸರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಮಾರನೆಯ ಬೆಳಿಗ್ಗೆ ನಾನು ಹಾಳೆ, ಪೆನ್ಸಿಲು, ಅಕ್ಕಿಹಿಟ್ಟು ಹಿಡಿದು ಬರುವಷ್ಟರಲ್ಲಿ ತಮ್ಮ ಮೈಗೆಲ್ಲ ಅರಿಶಿನ ಮೆತ್ತಿ, ಕುಂಕುಮ ಇಟ್ಟು, ಅಕ್ಷರದ ಸಂದುಸಂದಿಗೂ ಎಣ್ಣೆ ಇಳಿಸಿದ್ದರು. ಊರಿನವರು ಇತಿಹಾಸವನ್ನು ಮರೆಯುತ್ತಾರೆಂದು ಅದುವರೆಗೆ ಬೈದುಕೊಂಡಿದ್ದೆ. ನೆನಪಿಟ್ಟುಕೊಂಡರೆ ಏನಾಗುತ್ತದೆ ಎಂಬುದು ಅಂದು ಗೊತ್ತಾಯಿತು.

ಆಮೇಲಿನ ತಮ್ಮ ಏಳಿಗೆಯನ್ನು ವರ್ಣಿಸಲು ನನ್ನ ಲೇಖನಿ ಸಾಲದು. ಬೈರಮ್ಮನ ಎಮ್ಮೆಗರು ಕಾಣೆಯಾಗಿ, ಆಕೆ ಅದರ ಕೊರಳ ಹಗ್ಗವನ್ನು ತಂದು ತಮಗೆ ಕಟ್ಟಿ, ತುರುವಪ್ಪ ನೀನೇ ಹುಡುಕಿಕೊಡು ಎಂದು ಕೈಮುಗಿದು ಹೋದಳು. ಸಂಜೆಗೆ ಕರು ಬಂತು. ಹಸಿವಾಗಿ ಬಂತು ಎಂಬುದು ನನ್ನ ಅಭಿಪ್ರಾಯ, ಆದರೆ ಅಭಿಪ್ರಾಯ ಕೇಳುವವರು ಯಾರು. ಅಲ್ಲಿಂದಾಚೆಗೆ ಕಳೆದುಹೋದ ದನದ ಹಗ್ಗವನ್ನು ತಮಗೆ ಕಟ್ಟುವುದು, ದನ ಸಿಕ್ಕಿದ ಮೇಲೆ ಬಂದು ಬಿಚ್ಚುವುದು ರೂಢಿಯಾಯಿತು. ಪಾಂಡವಪುರದಿಂದ ಬಂದರು, ಕೆ.ಆರ್. ಪೇಟೆಯಿಂದ ಬಂದರು, ಆದಿಚುಂಚನಗಿರಿಗೆ ಹೋಗುವವರು ದಾರಿಯಲ್ಲಿ ಇಳಿದು ಬಂದರು. ಶ್ರೀರಂಗಪಟ್ಟಣದ ಒಬ್ಬರು ಕಳುವಾದ ಮೊಪೆಡ್ಡಿನ ಹಳೆಯ ಚೈನನ್ನು ತಂದು ಕಟ್ಟಿದರು. ದನಕಾಯುವ ಇಲಾಖೆಯಲ್ಲಿದ್ದ ತಮ್ಮನ್ನು ಹೀಗೆ ಸಾರಿಗೆ ಇಲಾಖೆಗೂ ಹೆಚ್ಚುವರಿಯಾಗಿ ನೇಮಿಸಿದ್ದಕ್ಕೆ ತಾವು ಒಂದು ಮಾತು ಗೊಣಗಲಿಲ್ಲ. ಸರ್ಕಾರಿ ನೌಕರರು ತಮ್ಮನ್ನು ನೋಡಿ ಕಲಿಯಬೇಕು.

ನಾನು ಸುಮ್ಮನೆ ಕೂರಲಿಲ್ಲ ಎಂಬುದನ್ನೂ ತಮ್ಮ ಗಮನಕ್ಕೆ ತರಬೇಕಾಗಿದೆ. ಒಂದು ದಿನ ಹುಣಸೆಹಣ್ಣು, ತೆಂಗಿನ ನಾರು, ಒಂದು ಬಿಂದಿಗೆ ನೀರು ತಂದು ತಮ್ಮ ಕೆಳಗಿನ ಪಟ್ಟಿಯನ್ನು ತಿಕ್ಕಲು ಕುಳಿತೆ. ತಲೆಯೆತ್ತಿ ನೋಡಿದರೆ ನನ್ನ ಹಿಂದೆ ಸಾಲು. ಕಾರ್ಯದರ್ಶಿ ಚಿಕ್ಕಸ್ವಾಮಣ್ಣ ಮಜ್ಜನ ಸೇವೆ ಮಾಡುತ್ತಿದ್ದಾರೆ, ಇದು ಹೊಸ ಸೇವೆ ಇರಬೇಕು ಎಂದುಕೊಂಡು ಎಲ್ಲರೂ ಡೈರಿಗೆ ತಂದಿದ್ದ ಹಾಲನ್ನು ತಮ್ಮ ತಲೆಯ ಮೇಲೆ ಸುರಿಯಲು ಶುರುಮಾಡಿದರು. ನಾನು ತಿಕ್ಕಿ ತೆಗೆದದ್ದಕ್ಕಿಂತ ಹೆಚ್ಚು ಜಿಡ್ಡು ಅಂದು ತಮ್ಮ ಮೈಗೆ ಹತ್ತಿತು. ಡೈರಿಗೆ ಬಂದ ಹಾಲು ಕಮ್ಮಿಯಾಯಿತೇಕೆ ಎಂದು ಮೇಲಿನವರು ಕೇಳಿದಾಗ ನಾನು ಏನು ಬರೆಯಲಿ ಹೇಳಿ. ಹನ್ನೆರಡನೆಯದೋ ಹದಿಮೂರನೆಯದೋ ಶತಮಾನದ ಒಬ್ಬ ವೀರರು ಕುಡಿದರು ಎಂದು ಬರೆಯಲಾಗುತ್ತದೆಯೇ? ಆ ಶತಮಾನ ಯಾವುದೆಂದು ಖಚಿತವಾಗಿ ಹೇಳಬೇಕಾದರೂ ನನಗೆ ಕೆಳಗಿನ ಪಟ್ಟಿಯೇ ಬೇಕು.

ಇದರ ಮೇಲೆ, ಊರಿನ ಹಿರಿಯರೆಲ್ಲ ಸೇರಿ ತಮಗೆ ಕಳೆ ಬರಲಿ ಎಂದು ನಾಗಮಂಗಲದಿಂದ ಪೇಂಟರ್ ಸೈಫುಲ್ಲಾ ಅವರನ್ನು ಕರೆಸಿದರು. ನಮ್ಮ ಡೈರಿಯ ಬೋರ್ಡು ಬರೆದವರು ಅವರೇ, ಸುತ್ತಲ ಟ್ರಾಕ್ಟರುಗಳ ಹಿಂದಿನ ನವಿಲುಗಳೆಲ್ಲ ಅವರವೇ. ಮನಸ್ಸಿಟ್ಟು ಬಳಿದರು ಎಂಬುದರಲ್ಲಿ ಅನುಮಾನವಿಲ್ಲ. ತಮಗೆ ನೀಲಿ ಎನಾಮೆಲ್, ಕುದುರೆಗೆ ಬಿಳಿ, ತಮ್ಮನ್ನು ಸ್ವರ್ಗಕ್ಕೆ ಎತ್ತಿಕೊಂಡು ಹೋಗುತ್ತಿರುವ ಅಪ್ಸರೆಯರಿಗೆ ಗುಲಾಬಿ, ನಾನು ಪ್ರಾಣ ಬಿಡುತ್ತಿದ್ದ ಅಕ್ಷರಗಳ ಪಟ್ಟಿಗೆ ಎರಡು ಕೋಟು ಹಸಿರು. ಅಕ್ಷರದ ಗುಳಿಗಳಿದ್ದುದರಿಂದ ನುಣುಪು ಬರಲಿಲ್ಲವೆಂದು ಅವರು ಬೇಸರಪಟ್ಟುಕೊಂಡು, ಗುಳಿಗಳಿಗೆ ಲಪ್ಪ ಎಂಬ ಮೆತ್ತುವ ಪುಟ್ಟಿ ತುಂಬಿ ಮೇಲೆ ಮೂರನೆಯ ಕೋಟನ್ನು ತಮ್ಮ ಸ್ವಂತ ಭಕ್ತಿಯಿಂದ ಹೊಡೆದರು.

ಮಾನ್ಯರೇ, ಇಲ್ಲಿಯವರೆಗಿನದು ಸಾರ್ವಜನಿಕ ದೂರು. ಇನ್ನು ಮುಂದಿನದು ಮನೆಯ ವಿಷಯ. ಬಹಿರಂಗ ಪತ್ರದಲ್ಲಿ ಬರೆಯಬಾರದು, ಆದರೆ ನಮ್ಮೂರಿನಲ್ಲಿ ಇದು ಬರೆಯುವ ಮೊದಲೇ ಬಹಿರಂಗವಾಗಿದೆ.

ನನ್ನ ಗ್ರಂಥದ ಹಾಳೆಗಳನ್ನೆಲ್ಲ ಒಂದು ಕೆಂಪು ಲಾಡಿಯಿಂದ ಕಟ್ಟಿಡುವುದು ನನ್ನ ಪದ್ಧತಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಆ ಲಾಡಿ ಕಾಣೆಯಾಯಿತು. ಮಂಚದ ಕೆಳಗೆ, ಅಟ್ಟದ ಮೇಲೆ, ರಾಗಿ ಚೀಲದ ಹಿಂದೆ ಎಲ್ಲ ಹುಡುಕಿದೆ. ಇಲಿ ಎಳೆದಿರಬೇಕೆಂದು ಬಿಟ್ಟುಬಿಟ್ಟೆ. ಮರುದಿನ ಡೈರಿ ಬಾಗಿಲು ತೆಗೆಯುವಾಗ ತಮ್ಮ ಕೊರಳಿನ ಹಗ್ಗಗಳ ರಾಶಿಯಲ್ಲಿ, ಎರಡು ಮೂಗುದಾರಗಳ ನಡುವೆ, ನನ್ನ ಲಾಡಿ ನೇತಾಡುತ್ತಿತ್ತು. ಯಾವ ಕರುವಿಗೆ ಇಷ್ಟು ತೆಳ್ಳನೆಯ ಹಗ್ಗ ಎಂದು ಸಾಲಿನಲ್ಲಿದ್ದವರು ತಮಾಷೆ ಮಾಡುತ್ತಿದ್ದರು. ದೇವಯ್ಯನವರು ನನ್ನ ಮುಖ ನೋಡದೆ, ನಿಮ್ಮ ಮನೆಯವರೇ ಕಟ್ಟಿ ಹೋದರು ಎಂದರು.

ನನ್ನ ಹೆಂಡತಿ ಪುಟ್ಟಗೌರಮ್ಮ ಓದು ಬರಹ ಬಾರದವಳಲ್ಲ, ಆದರೆ ನನ್ನ ಗ್ರಂಥದ ಒಂದು ಪುಟವನ್ನೂ ಮುಟ್ಟಿದವಳಲ್ಲ. ಪುಸ್ತಕ ಬೇಗ ಮುಗಿಯಲಿ ಎಂದು ಹರಕೆ ಕಟ್ಟಿದ್ದಾಳೆ ಎಂದೇ ನಾನು ಎಣಿಸಿದೆ. ಕಣ್ಣು ತುಂಬಿ ಬಂತು. ಕಡೆಗೂ ನನ್ನ ಮನೆಯಲ್ಲೇ ಒಬ್ಬಳು ಓದುಗಾರ್ತಿ ಹುಟ್ಟಿದಳೆಂದು ಉಬ್ಬಿಕೊಂಡು ಮನೆಗೆ ಹೋಗಿ ಕೇಳಿದೆ. ಆಕೆ ಒಲೆಯ ಮುಂದಿನಿಂದ ಏಳದೆ ಹೇಳಿದಳು: “ಕಳೆದೋದ ದನದ ಅಗ್ಗ ತಾನೇ ಅಲ್ಲಿ ಕಟ್ಟಾದು? ನಮ್ಮನೇಲಿ ಕಳೆದೋಗಿರಾದು ನೀವು. ನಿಮ್ಗೆ ಅಗ್ಗ ಎಲ್ಲೈತೆ, ಲಾಡಿನೇ ಕಟ್ದೆ.”

ಹರಕೆಯ ಪೂರ್ತಿ ವಿವರ ಆಮೇಲೆ ದೇವಯ್ಯನವರಿಂದ ತಿಳಿಯಿತು. ಊಟಕ್ಕೆ ಕರೆದಾಗ ನಾನು ಬಂದೆ ಬಂದೆ ಎನ್ನುತ್ತಾ ಯಾವುದಾದರೂ ರಾಜನ ಜೊತೆಗೆ ಕುಳಿತುಬಿಡುವುದೂ, ಮುದ್ದೆ ಕಲ್ಲಿನಂತೆ ಆಗುವುದೂ, ಆಕೆಯೂ ಉಣ್ಣದೆ ಕಾಯುವುದೂ ನಮ್ಮ ಮನೆಯಲ್ಲಿ ದಿನಚರಿ. ಆಕೆ ಕರೆದ ಕೂಡಲೇ ನಾನು ಎದ್ದು ಬಂದು ಎದುರಿಗೆ ಕುಳಿತು ಬಿಸಿ ಮುದ್ದೆ ಉಂಡರೆ, ತಮಗೆ ತಲೆಯಿಂದ ಪಾದದವರೆಗೆ ಹಿತ್ತಾಳೆಯ ಕವಚ ಮಾಡಿಸಿ ಹಾಕಿಸುವುದಾಗಿ ಆಕೆ ಹರಸಿಕೊಂಡಿದ್ದಾಳೆ. ತಾವು ಇಂಥ ಹರಕೆಯನ್ನು ಒಪ್ಪಿಕೊಳ್ಳುವ ಮುನ್ನ ನನ್ನನ್ನು ಒಂದು ಮಾತು ಕೇಳಬಹುದಿತ್ತು. ನಾನು ದಾರಿಗೆ ಬಂದರೆ ಕೆಳಗಿನ ಪಟ್ಟಿ ಹಿತ್ತಾಳೆಯ ಹಿಂದೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಬರದಿದ್ದರೆ ಹೆಂಡತಿ ತಣ್ಣನೆಯ ಮುದ್ದೆಯ ಮುಂದೆ ಕುಳಿತೇ ಇರುತ್ತಾಳೆ. ಆಕೆಗೆ ತಮ್ಮ ಮೇಲೆ ಎಷ್ಟು ನಂಬಿಕೆ ಎಂದರೆ, ಫಲ ಸಿಗುವ ಮೊದಲೇ ನಾಗಮಂಗಲದ ಹಿತ್ತಾಳೆ ಕೆಲಸದವರಿಗೆ ಹೇಳಿಬಿಟ್ಟಿದ್ದಳು.

ಹೋದ ಭಾನುವಾರ ಅವರು ಅಳತೆಗೆ ಬರುವವರಿದ್ದರು. ಕವಚ ಮೈಗೆ ಕೂರಬೇಕಾದರೆ ಮೆತ್ತಿಕೊಂಡಿರುವ ಬಣ್ಣ, ಅರಿಶಿನ, ಜಿಡ್ಡು ಎಲ್ಲ ಹೋಗಬೇಕೆಂದು ಹೇಳಿ ಕಳಿಸಿದ್ದರಂತೆ. ದೇವಯ್ಯನವರು ಒಪ್ಪಿದರು. ಓದುವುದಕ್ಕೆ ಒರೆಸಕೂಡದು, ಮುಚ್ಚುವುದಕ್ಕಾದರೆ ಒರೆಸಬಹುದು. ಇತಿಹಾಸದ ಬಗೆಗಿನ ಇಷ್ಟು ಸ್ಪಷ್ಟವಾದ ಧೋರಣೆಯನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ. ಮತ್ತೆ ಸೈಫುಲ್ಲಾ ಅವರೇ ಸೀಮೆಎಣ್ಣೆ, ಕೆರೆಯುವ ತಗಡು ಹಿಡಿದು ಬಂದರು. ಬಳಿದವನೂ ನಾನೇ ಕೆರೆಯುವವನೂ ನಾನೇ, ದುನಿಯಾ ಇಷ್ಟೇ ಎಂದು ನಗುತ್ತಾ, ಹಚ್ಚಿದಷ್ಟೇ ಮನಸ್ಸಿಟ್ಟು ತೆಗೆದರು. ಹಸಿರು ಸುಲಿದು, ಲಪ್ಪ ಉದುರಿ, ತಾವು ಕಪ್ಪಗೆ, ಬರಿಮೈಯಲ್ಲಿ, ಮೊದಲಿನ ಹಾಗೆ ನಿಂತಿರಿ. ಅಳತೆಯವರ ಬಸ್ಸು ಇನ್ನೂ ಬಂದಿರಲಿಲ್ಲ. ಅಳತೆಯಾದ ತಕ್ಷಣ ಮೈ ಬರಿದಾಗಿ ಬಿಡಬಾರದೆಂದು ದೇವಯ್ಯನವರು ಅರಿಶಿನ ಕಲಸಿಟ್ಟುಕೊಂಡು ಕಾಯುತ್ತಿದ್ದರು.

ನಾನು ಮಂಡಿಯೂರಿ ಅಕ್ಕಿಹಿಟ್ಟು ಉಜ್ಜಿದೆ. ಕೆಳಗಿನ ಪಟ್ಟಿಯ ಮೊದಲ ಭಾಗ ಹಗ್ಗ ಉಜ್ಜಿ ಉಜ್ಜಿ ಸವೆದಿತ್ತು. ಎಷ್ಟೋ ತಲೆಮಾರಿನ ಎಮ್ಮೆಗಳು ಅಲ್ಲಿ ಜಗ್ಗಿದ್ದವು. ಅದರಾಚೆ ‘ಪೆಂಡತಿ’ ಎಂಬುದು ಕಂಡಿತು. ಹೆಸರಿರಬೇಕಾದ ಜಾಗದಲ್ಲಿ ಒಂದು ಹಳ್ಳ. ಆಮೇಲೆ ಸ್ವಚ್ಛವಾಗಿ, ನಿನ್ನೆ ಕೊರೆದ ಹಾಗೆ, ‘ಕಲ್ಲ ನಿಱಿಸಿದಳ್’. ಅದರ ಮುಂದೆ ಇನ್ನೂ ಅಕ್ಷರಗಳಿದ್ದವು. ಯಾವ ಅರಸನ ಕಾಲ, ಯಾವ ಸಂವತ್ಸರ ಎಂಬುದು ಅಲ್ಲೇ ಇರಬೇಕು. ಇತಿಹಾಸಕಾರನಾದವನು ಬದುಕುವುದೇ ಆ ಅಕ್ಷರಗಳಿಗಾಗಿ. ಅಷ್ಟರಲ್ಲಿ ನಮ್ಮ ಮನೆಯ ಬಾಗಿಲಿನಿಂದ ಊಟಕ್ಕೆ ಕರೆದದ್ದು ಕೇಳಿಸಿತು. ಬಂದೆ ಎಂದೆ. ಮತ್ತೊಮ್ಮೆ ಕರೆದಳು, ಮತ್ತೊಮ್ಮೆ ಬಂದೆ ಎಂದೆ. ಆಮೇಲೆ ಕರೆಯಲಿಲ್ಲ, ತಾನೇ ಬಂದು ನನ್ನ ಬೆನ್ನ ಹಿಂದೆ ನಿಂತಳು.

ಏನು ಬರೆದಿದೆ ಎಂದು ಕೇಳಿದಳು. ಇಷ್ಟು ವರ್ಷದಲ್ಲಿ ಆಕೆ ಹಾಗೆ ಕೇಳಿದ್ದು ಅದೇ ಮೊದಲು. ಇವನು ದನ ಬಿಡಿಸಿ ತರಲು ಹೋಗಿ ಸತ್ತ, ಇವನ ಹೆಂಡತಿ ಈ ಕಲ್ಲು ನಿಲ್ಲಿಸಿದಳು, ಆಕೆಯ ಹೆಸರು ಅಳಿಸಿಹೋಗಿದೆ ಎಂದೆ. ದನಗಳೇನಾದವು ಎಂದು ಕೇಳಿದಳು. ದನಗಳೆಲ್ಲ ಮನೆಗೆ ಬಂದವು ಎಂದೆ. ಆಕೆ ತಮ್ಮನ್ನು ನೋಡಿದಳು, ಆಮೇಲೆ ನನ್ನನ್ನು.

“ದನ ಬಂದ್ವು, ಅವ್ನು ಬರ್ನಿಲ್ಲ. ಅವ್ಳು ಕಲ್ಲಾದ್ರೂ ನಿಲ್ಸಿದ್ಲು, ನನ್ ಕೈಲಿ ಲಾಡಿ ಕಟ್ಟಾಕಾಯ್ತು ಅಷ್ಟೆಯ. ಏಳಿ, ಮುದ್ದೆ ಆರೋಯ್ತದೆ.”

ಎದ್ದೆ, ಮಾನ್ಯರೇ. ಅರಸನ ಹೆಸರನ್ನು ಅಲ್ಲಿಯೇ ಬಿಟ್ಟು, ಹಿಟ್ಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಆಕೆಯ ಹಿಂದೆ ಹೋದೆ. ಮುದ್ದೆ ಬಿಸಿಯಾಗಿತ್ತು. ಅಷ್ಟು ಬಿಸಿ ಮುದ್ದೆಗೆ ಕೈ ಹಾಕಿ ಅಭ್ಯಾಸ ತಪ್ಪಿದ್ದರಿಂದ ಬೆರಳು ಸುಟ್ಟುಕೊಂಡೆ, ಆಕೆ ನಕ್ಕಳು. ಎದುರಿಗೇ ಕುಳಿತು ಆಕೆಯೂ ಉಂಡಳು. ನಾನು ತಿರುಗಿ ಬರುವಷ್ಟರಲ್ಲಿ ಅಳತೆ ಮುಗಿದು ದೇವಯ್ಯನವರು ತಮ್ಮ ಪಾದದವರೆಗೂ ಅರಿಶಿನ ಮೆತ್ತಿದ್ದರು. ನನಗೆ ಅಳು ಬಂತು ಎಂದು ಒಪ್ಪಿಕೊಳ್ಳುತ್ತೇನೆ, ಹೊಟ್ಟೆ ತುಂಬಿದ್ದರಿಂದ ಜೋರಾಗಿ ಬರಲಿಲ್ಲ.

ಆದಕಾರಣ ನನ್ನ ಪ್ರಾರ್ಥನೆಗಳು ಇಷ್ಟೇ. ತಾವು ಯಾವ ಅರಸನ ಕಾಲದಲ್ಲಿ ಸತ್ತಿರಿ ಎಂಬುದನ್ನು ತಾವಾಗಿಯೇ ನನ್ನ ಕನಸಿನಲ್ಲಿ ಬಂದು, ಶಕವರ್ಷ ಸಮೇತ, ಪಂಡಿತರು ಒಪ್ಪುವ ರೀತಿಯಲ್ಲಿ ತಿಳಿಸಿಕೊಡುವುದು. ಅದು ಆಗದಿದ್ದರೆ, ಆ ಅರಸ ಅಂಥ ಮುಖ್ಯನಲ್ಲವೆಂದು ನನಗೆ ಮನವರಿಕೆ ಮಾಡಿಕೊಡುವುದು. ಅದೂ ಆಗದಿದ್ದರೆ, ತಮ್ಮ ಮನೆಯಾಕೆ ಕೊನೆಯ ಸಲ ತಮ್ಮನ್ನು ಊಟಕ್ಕೆ ಕರೆದಾಗ ತಾವೂ ಬಂದೆ ಎಂದೇ ಹೇಳಿದ್ದಿರೋ ಹೇಗೆ ಎಂಬುದನ್ನಷ್ಟೇ ಹೇಳುವುದು. ಗ್ರಂಥದಲ್ಲಿ ಹುರುಳಿಕೊಪ್ಪಲಿನ ಅಧ್ಯಾಯವನ್ನು, ಕಾಲ ತಿಳಿಯದು, ಅರಸ ತಿಳಿಯದು, ಈ ಕಲ್ಲನ್ನು ಒಬ್ಬ ಹೆಂಡತಿ ನಿಲ್ಲಿಸಿದಳು ಎಂಬಲ್ಲಿಗೆ ಮುಗಿಸಿದ್ದೇನೆ. ಈಗ ಮನೆಯಿಂದ ಕರೆಯುತ್ತಿದ್ದಾಳೆ. ಈ ವಾಕ್ಯವನ್ನೂ ಪೂರ್ತಿ ಮಾಡುವ ಹಾಗಿಲ್ಲ, ಏಳುತ್ತಿದ್ದೇನೆ,

ಇತಿ, ತಮ್ಮನ್ನು ಅರ್ಧ ಓದಿದ ವಿಶ್ವಾಸಿ,
ಚಿಕ್ಕಸ್ವಾಮಿ,
ಡೈರಿ ಕಾರ್ಯದರ್ಶಿ, ಊಟಕ್ಕೆ ಎದ್ದ ಇತಿಹಾಸಕಾರ.

ಊಟದ ನಂತರ ಸೇರಿಸಿದ್ದು: ಕವಚಕ್ಕೆ ಮುಖ ಕೂರಿಸಬೇಕಾಗಿದ್ದು, ತಮ್ಮ ಮುಖ ಸವೆದುಹೋಗಿರುವುದರಿಂದ ಮಾದರಿಗೆ ಯಾವುದಾದರೂ ಫೋಟೋ ಕೊಡಿ ಎಂದು ಹಿತ್ತಾಳೆಯವರು ಕೇಳಿದರಂತೆ. ನನ್ನ ಮನೆಯಾಕೆ ನನ್ನ ಫೋಟೋ ಕೊಟ್ಟು ಬಂದಿದ್ದಾಳೆ, ಅಲ್ಲಿಯಾದರೂ ಒಂದು ಕಡೆ ನಿಲ್ಲಲಿ ಎಂದು ಕಾರಣ ಹೇಳಿದಳು. ಮುಂದಿನ ಸೋಮವಾರದಿಂದ ತಾವು ನನ್ನ ಮುಖದಲ್ಲಿ ದರ್ಶನ ಕೊಡಲಿದ್ದೀರಿ. ಹಾಲಿನ ಫ್ಯಾಟು ಕಮ್ಮಿ ಬರೆದನೆಂದು ನನ್ನ ಮೇಲೆ ಸಿಟ್ಟಿರುವ ಸದಸ್ಯರು, ತೆಂಗಿನಕಾಯಿಯನ್ನು ಪಾದದ ಬಳಿಯೇ ಒಡೆಯಬೇಕೋ ಅಥವಾ ನೇರವಾಗಿ ಮುಖಕ್ಕೇ ಒಡೆಯಬಹುದೋ ಎಂದು ಈಗಾಗಲೇ ದೇವಯ್ಯನವರಲ್ಲಿ ವಿಚಾರಿಸಲು ತೊಡಗಿದ್ದಾರೆ.